ಪಾರ್ಶ್ವವಾಯುವಿನ ನಂತರ ಪುನಶ್ಚೇತನ ಆಸ್ಪತ್ರೆಗೆ ಸೇರಿಸುವ ಮುನ್ನ ಏನನ್ನು ವಿಚಾರಿಸಬೇಕು?

ಪ್ರಶ್ನೆ (ಮದ್ದೂರು)

ಮಾನ್ಯರೇ, ಕಳೆದ ತಿಂಗಳು ನಮ್ಮ ತಂದೆಯವರಿಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಸ್ವಾಧೀನ ತಪ್ಪಿವೆ. ನಾವು ಹೇಳಿದ್ದು ಅವರಿಗೆ ಅರ್ಥವಾಗುತ್ತದೆ, ಆದರೆ ಮಾತು ಹೊರಡುವುದಿಲ್ಲ. ನೀರು ಕುಡಿಯುವಾಗ ಕೆಮ್ಮು ಬರುತ್ತದೆ. ಡಿಸ್ಚಾರ್ಜ್ ಮಾಡುವಾಗ ಫಿಸಿಯೋಥೆರಪಿ ಮಾಡಿಸಿ ಎಂದಷ್ಟೇ ಬರೆದುಕೊಟ್ಟರು. ಮೈಸೂರಿನಲ್ಲಿ ಟ್ರಸ್ಟ್‌ನವರು ಲಾಭದ ಉದ್ದೇಶವಿಲ್ಲದೆ ನಡೆಸುವ ಪುನಶ್ಚೇತನ ಆಸ್ಪತ್ರೆಗೆ ಸೇರಿಸಬೇಕೆಂದಿದ್ದೇವೆ. ಅಲ್ಲಿ ಏನೇನು ಕೇಳಿ ತಿಳಿದುಕೊಳ್ಳಬೇಕು?

ಉತ್ತರ 1 (ಫಿಸಿಯೋಥೆರಪಿಸ್ಟ್, ಮೈಸೂರು)

ಮೊದಲಿಗೆ ಆ ಕೆಮ್ಮನ್ನು ಕಡೆಗಣಿಸಬೇಡಿ, ಇಂದೇ ವೈದ್ಯರ ಗಮನಕ್ಕೆ ತನ್ನಿ. ಗಂಟಲಿನ ಸ್ನಾಯುಗಳು ದುರ್ಬಲವಾದಾಗ ನೀರು, ಆಹಾರ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯವಿದೆ. ನಮ್ಮ ಕಡೆ ಮುದ್ದೆಯನ್ನು ಅಗಿಯದೆ ನುಂಗುವುದು ರೂಢಿಯಾದ್ದರಿಂದ, ನುಂಗುವ ಶಕ್ತಿಯ ಪರೀಕ್ಷೆಯಾಗುವವರೆಗೂ ತಂದೆಯವರಿಗೆ ಮುದ್ದೆ ಕೊಡಬೇಡಿ. ಈ ಪರೀಕ್ಷೆಯನ್ನೂ ಮಾತಿನ ಚಿಕಿತ್ಸೆಯನ್ನೂ ಮಾಡುವವರು ಸ್ಪೀಚ್ ಥೆರಪಿಸ್ಟ್. ನೀವು ನೋಡಿರುವ ಆಸ್ಪತ್ರೆಯಲ್ಲಿ ಅವರಿಲ್ಲದಿದ್ದರೆ, 1960ರ ದಶಕದಿಂದ ಇದೇ ಕೆಲಸಕ್ಕೆ ಮೀಸಲಾಗಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ.

ನಿಲ್ಲುವುದನ್ನು, ನಡೆಯುವುದನ್ನು ಫಿಸಿಯೋಥೆರಪಿಸ್ಟ್ ಕಲಿಸುತ್ತಾರೆ. ಅಂಗಿಯ ಗುಂಡಿ ಹಾಕಿಕೊಳ್ಳುವುದು, ಚೊಂಬು ಹಿಡಿದು ಮೈಮೇಲೆ ನೀರು ಹುಯ್ದುಕೊಳ್ಳುವುದು ಆಕ್ಯುಪೇಷನಲ್ ಥೆರಪಿಸ್ಟ್ ಅವರ ಕೆಲಸ. ಈ ಮೂವರೂ ವೈದ್ಯರೊಂದಿಗೆ ಕುಳಿತು, ರೋಗಿಗೆ ಒಂದೇ ಗುರಿಯನ್ನು ಗೊತ್ತುಮಾಡಿಕೊಂಡು ಕೆಲಸ ಮಾಡುತ್ತಾರೆಯೇ ಎಂಬುದನ್ನು ಕೇಳಿ. ಕಟ್ಟಡ, ಯಂತ್ರಗಳಿಗಿಂತ ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ. ಮೊದಲ 3ರಿಂದ 6 ತಿಂಗಳಲ್ಲಿ ಚೇತರಿಕೆಯ ವೇಗ ಹೆಚ್ಚಿರುತ್ತದೆ. ಆಮೇಲೂ ಸುಧಾರಣೆ ಇರುತ್ತದೆ, ಆದರೂ ತಡಮಾಡಬೇಡಿ.

ಉತ್ತರ 2 (ಪಾಂಡವಪುರ)

ನಮ್ಮ ತಾಯಿಯವರು ಇಂಥದೇ ಸೇವಾ ಆಸ್ಪತ್ರೆಯಲ್ಲಿದ್ದರು. ಮನೆಯವರಿಗೆ ತರಬೇತಿ ಕೊಡುತ್ತಾರೆಯೇ ಎಂದು ತಪ್ಪದೆ ಕೇಳಿ, ಏಕೆಂದರೆ ಥೆರಪಿಯ ಹೊತ್ತು ಮುಗಿದ ಮೇಲೆ ಉಳಿದ ದಿನವೆಲ್ಲ ನೋಡಿಕೊಳ್ಳುವವರು ನಾವೇ. ಸ್ವಾಧೀನವಿಲ್ಲದ ಕೈಯನ್ನು ಜಗ್ಗಿ ಎಬ್ಬಿಸಿದರೆ ಭುಜದ ಕೀಲು ಸಡಿಲವಾಗುತ್ತದೆ ಎಂದು ನಮಗೆ ಅಲ್ಲಿಯೇ ತಿಳಿಸಿ, ಸೊಂಟಕ್ಕೆ ಬೆಲ್ಟ್ ಕಟ್ಟಿ, ಎದುರು ನಿಂತು, ಮೊಣಕಾಲಿಗೆ ಆಸರೆ ಕೊಟ್ಟು ಎಬ್ಬಿಸುವ ಕ್ರಮವನ್ನು ನಮ್ಮ ಕೈಯಿಂದಲೇ ಮಾಡಿಸಿದರು. ಟ್ರಸ್ಟ್ ಆಸ್ಪತ್ರೆಯೆಂದರೆ ಎಲ್ಲವೂ ಉಚಿತವೆಂದಲ್ಲ. ಬಿಪಿಎಲ್ ಕಾರ್ಡಿಗೆ ರಿಯಾಯಿತಿ ಇದೆಯೇ, ಹಾಸಿಗೆ ಮತ್ತು ಥೆರಪಿಯ ಶುಲ್ಕ ಬೇರೆ ಬೇರೆಯೇ ಎಂಬುದನ್ನು ಮೊದಲೇ ವಿಚಾರಿಸಿ.

ಉತ್ತರ 3 (ಮಂಡ್ಯ)

ಚಿಕಿತ್ಸೆಯ ನಂತರವೂ ಊನ ಉಳಿದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಡಿಸ್ಚಾರ್ಜ್ ಸಾರಾಂಶ, ಸ್ಕ್ಯಾನ್ ವರದಿಗಳನ್ನು ಈಗಿನಿಂದಲೇ ಒಂದು ಫೈಲಿನಲ್ಲಿ ಜೋಡಿಸಿಟ್ಟುಕೊಳ್ಳಿ; ಪುನಶ್ಚೇತನ ಆಸ್ಪತ್ರೆಯವರೂ ಮೊದಲ ದಿನವೇ ಅವನ್ನು ಕೇಳುತ್ತಾರೆ.