ಮಗಳಿಗೆ ಸಿಇಟಿ ಸಾಕಾ, ಜೆಇಇನೂ ಬೇಕಾ?

ಹಾಸನದ ಅಮ್ಮ: ಮಗಳು ದ್ವಿತೀಯ ಪಿಯು, ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ). ರಾತ್ರಿ ಹನ್ನೊಂದಾದರೂ ಜೆಇಇ ಪುಸ್ತಕ ತೆರೆದಿಟ್ಟು ಒಂದೇ ಲೆಕ್ಕದ ಮುಂದೆ ಕೂತಿರುತ್ತಾಳೆ, ಪೆನ್ಸಿಲ್ ತುದಿಯೆಲ್ಲ ಕಚ್ಚಿಹಾಕಿದ್ದಾಳೆ, ನೋಡಿದರೆ ಸಂಕಟವಾಗುತ್ತದೆ. ರಾಜ್ಯದ ಸಿಇಟಿ, ರಾಷ್ಟ್ರಮಟ್ಟದ ಜೆಇಇ, ಈ ಎರಡೂ ಪ್ರವೇಶ ಪರೀಕ್ಷೆ ಬರೆಸಬೇಕಾ?

ಉತ್ತರ 1: ಇಲ್ಲೇ ಮಲೆನಾಡು ಇಂಜಿನಿಯರಿಂಗ್ ಕಾಲೇಜಿಗೆ ಸೇರಿಸೋದಾದರೆ ಸಿಇಟಿ ಸಾಕು ಅಕ್ಕ. ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಾದರೆ ಅಂಕ ಕಳೆಯುವುದಿಲ್ಲ. ಜೆಇಇ ಮೇನ್‌ನಲ್ಲಿ ತಪ್ಪಿಗೆ 1 ಅಂಕ ಹೋಗುತ್ತದೆ. ಸಿಇಟಿ ರ‍್ಯಾಂಕಿನಲ್ಲಿ ಅರ್ಧ ತೂಕ ಪಿಯು ಅಂಕಕ್ಕೇ ಇದೆ, ಅದನ್ನು ಮಾತ್ರ ಬಿಡಬೇಡಿ.

ಉತ್ತರ 2: ಸುರತ್ಕಲ್ ಎನ್‌ಐಟಿ (ಕೇಂದ್ರದ ಇಂಜಿನಿಯರಿಂಗ್ ಸಂಸ್ಥೆ) ಆಸೆ ಇದ್ದರೆ ಜೆಇಇ ಬೇಕೇ ಬೇಕು.

ಉತ್ತರ 3: ಬಯಾಲಜಿ ಇದೆ ಅಲ್ವಾ? ಸಿಇಟಿಯಲ್ಲೇ ಬಿಎಸ್‌ಸಿ ಅಗ್ರಿಗೂ (ಕೃಷಿ ಪದವಿ) ದಾರಿ ಇದೆ, ಕಾಲೇಜು ನಮ್ಮ ಹಾಸನದ ಕಾರೇಕೆರೆಯಲ್ಲೇ.

ಹಾಸನದ ಅಮ್ಮ: ಕಾರೇಕೆರೆ ಹೊಳೆದೇ ಇರಲಿಲ್ಲ! ಇವತ್ತೇ ಅವಳ ಹತ್ತಿರ ಕೂತು ಮಾತಾಡುತ್ತೇನೆ.