ಪಿತ್ತಕೋಶದ ಕಲ್ಲಿನಿಂದ ಕರುಳು ಕಟ್ಟಿದೆ: ಪಿತ್ತಕೋಶವನ್ನೂ ಈಗಲೇ ತೆಗೆಸಬೇಕೇ?

ಶಿರಸಿಯಿಂದ ಪ್ರಶ್ನೆ:
ಎಪ್ಪತ್ತು ದಾಟಿದ ನಮ್ಮ ಆಯಿಗೆ ವಾಂತಿ, ಹೊಟ್ಟೆಯುಬ್ಬರ ಕಾಣಿಸಿಕೊಂಡು, ಪಿತ್ತಕೋಶದ ಕಲ್ಲು ಸಣ್ಣ ಕರುಳಿನಲ್ಲಿ ಸಿಕ್ಕಿಕೊಂಡಿರುವುದು ಸಿ.ಟಿ. ಸ್ಕ್ಯಾನ್‌ನಲ್ಲಿ ತಿಳಿದಿದೆ. ಕಲ್ಲನ್ನಷ್ಟೇ ತೆಗೆದು ಪಿತ್ತಕೋಶವನ್ನು ಸದ್ಯ ಹಾಗೆಯೇ ಬಿಡುತ್ತೇವೆಂದು ವೈದ್ಯರು ಹೇಳುತ್ತಾರೆ. ಇದು ಅರ್ಧ ಕೆಲಸವಾಗುವುದಿಲ್ಲವೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಕುಮಟಾದಿಂದ ಉತ್ತರ:
ನಮ್ಮ ಅತ್ತೆಯವರಿಗೂ ಕಲ್ಲನ್ನು ಮಾತ್ರ ತೆಗೆದಿದ್ದರು, ಅವರು ಈಗಲೂ ತೋಟಕ್ಕೆ ಹೋಗಿ ಬರುತ್ತಾರೆ. ಎಲ್ಲರನ್ನೂ ಗೊಂದಲಕ್ಕೆ ಕೆಡವಿದ್ದು ಅವರ ನೋವು ಬಂದು ಬಂದು ಇಳಿಯುತ್ತಿದ್ದುದು. ಕಲ್ಲು ಒಂದೆಡೆ ಸಿಕ್ಕಿ, ಸಡಿಲಗೊಂಡು, ಮುಂದೆ ಮತ್ತೆ ಸಿಕ್ಕುತ್ತ ಸಾಗುವುದರಿಂದ ಹಾಗಾಗುತ್ತದೆಯಂತೆ. ಆದ್ದರಿಂದ ವಾಂತಿ ನಿಂತಿತೆಂದು ಆಯಿಯನ್ನು ಮನೆಗೆ ಕರೆತರಬೇಡಿ. ಹುಬ್ಬಳ್ಳಿಗೋ ಮಣಿಪಾಲಕ್ಕೋ ಕಳುಹಿಸುತ್ತೇವೆಂದರೆ ತಡಮಾಡದೆ ಹೊರಡಿ. ಮಳೆಗಾಲದ ರಾತ್ರಿ ಘಟ್ಟದ ದಾರಿ ಇಂಥ ರೋಗಿಗೆ ಬಹಳ ಕಷ್ಟ.

ಕಾರವಾರದಿಂದ, ನಿವೃತ್ತ ಶಸ್ತ್ರಚಿಕಿತ್ಸಕರೊಬ್ಬರ ಉತ್ತರ:
ಬಹುಕಾಲದ ಉರಿಯೂತದಿಂದ ಪಿತ್ತಕೋಶವು ಸಣ್ಣ ಕರುಳಿನ ಮೊದಲ ಭಾಗಕ್ಕೆ ಅಂಟಿಕೊಂಡು, ಎರಡರ ನಡುವೆ ತೂತು ಬಿದ್ದಾಗ ಕಲ್ಲು ನೇರವಾಗಿ ಕರುಳಿಗೆ ಇಳಿಯುತ್ತದೆ. ಸಾಮಾನ್ಯವಾಗಿ 2.5 ಸೆಂಟಿಮೀಟರ್‌ಗಿಂತ ದೊಡ್ಡ ಕಲ್ಲು, ಸಣ್ಣ ಕರುಳು ಕಿರಿದಾಗುವ ಕೊನೆಯ ಭಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಉಬ್ಬಿದ ಕರುಳು, ಪಿತ್ತನಾಳದಲ್ಲಿ ಗಾಳಿ, ಇರಬಾರದ ಜಾಗದಲ್ಲಿ ಕಲ್ಲು ಎಂಬ ಮೂರು ಗುರುತುಗಳನ್ನು ಅಮೆರಿಕದ ಎಕ್ಸ್‌-ರೇ ತಜ್ಞ ರಿಗ್ಲರ್ 1941ರಲ್ಲೇ ವಿವರಿಸಿದ್ದರೂ, ಸಾದಾ ಎಕ್ಸ್‌-ರೇಯಲ್ಲಿ ಮೂರೂ ಒಟ್ಟಿಗೆ ಎಷ್ಟೋ ಸಲ ಕಾಣುವುದಿಲ್ಲ, ಸಿ.ಟಿ. ಮಾಡಿಸಿದ್ದು ಒಳ್ಳೆಯದಾಯಿತು.

ಮೂಗಿನ ನಳಿಕೆಯಿಂದ ಹೊಟ್ಟೆ ಖಾಲಿ ಮಾಡಿ, ಡ್ರಿಪ್ ಹಾಕಿ, ಪೊಟ್ಯಾಸಿಯಂ ಸರಿಪಡಿಸುವುದು ಮೊದಲ ಕೆಲಸ. ಆಮೇಲೆ ಕಲ್ಲನ್ನು ತುಸು ಹಿಂದಕ್ಕೆ ಸರಿಸಿ, ಪೆಟ್ಟಾಗದ ಕರುಳಿನಲ್ಲಿ ಉದ್ದಕ್ಕೆ ಕೊಯ್ದು ಹೊರತೆಗೆದು, ಕರುಳಿನ ದಾರಿ ಕಿರಿದಾಗದಂತೆ ಅಡ್ಡಕ್ಕೆ ಹೊಲಿಯುತ್ತಾರೆ. ಇಡೀ ಕರುಳನ್ನು ತಡವಿ ಇನ್ನೊಂದು ಕಲ್ಲಿಲ್ಲವೆಂದು ಖಚಿತಪಡಿಸಿಕೊಳ್ಳುವುದೂ ಅಷ್ಟೇ ಮುಖ್ಯ. ಪಿತ್ತಕೋಶ ತೆಗೆದು ಆ ತೂತನ್ನೂ ಮುಚ್ಚಲು ಹೊರಟರೆ, ಗಟ್ಟಿಯಾಗಿ ಅಂಟಿಕೊಂಡ ಭಾಗವನ್ನು ಬಿಡಿಸಲು ಬಹಳ ಹೊತ್ತು ಹಿಡಿಯುತ್ತದೆ. ವಾಂತಿಯಿಂದ ನಿತ್ರಾಣಗೊಂಡ ವೃದ್ಧರಿಗೆ ಅದೇ ಪ್ರಾಣಾಪಾಯ. ಕಲ್ಲಿನಿಂದ ಮತ್ತೆ ಕರುಳು ಕಟ್ಟುವ ಸಂಭವ ಸುಮಾರು ಶೇಕಡಾ 5 ಮಾತ್ರ. ಹಾಗಾಗಿ ನಿಮ್ಮ ವೈದ್ಯರ ತೀರ್ಮಾನ ನನಗೆ ಸರಿಯೆನಿಸುತ್ತದೆ.

ಪಿತ್ತಕೋಶದಲ್ಲಿ ಇನ್ನೂ ಕಲ್ಲು ಉಳಿದಿದೆಯೇ ಎಂದು ಅವರನ್ನು ಕೇಳಿ. ಉಳಿದಿದ್ದರೆ, ಆಯಿ ಚೇತರಿಸಿಕೊಂಡ ಮೇಲೆ ಎರಡನೆಯ ಶಸ್ತ್ರಚಿಕಿತ್ಸೆಯ ಮಾತು ಆಡಬಹುದು. ಅವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅದನ್ನು ಈಗಲೇ ತಿಳಿಸಿಬಿಡಿ.