ಸೂರ್ಯಕಾಂತಿ: ಬುಡದ ಎಲೆ ಹಳದಿ, ತೆನೆ ಸೊಟ್ಟ. ಯೂರಿಯಾ ಹಾಕಲಾ?

ಪ್ರಶ್ನೆ
ಗದಗ ಕಡೆ ಎರಡು ಎಕರೆ ಎರೆ ಭೂಮಿ, ಬಿತ್ತಿ 60 ದಿನ. ಮೂರು ವಾರದಿಂದ ಮಳೆ ಇಲ್ಲ. ಬುಡದ ಎಲೆ ಹಳದಿ ಆಗುತ್ತಿವೆ. ತುದಿಯ ಎಲೆ ದಪ್ಪಗಾಗಿ ಸುಕ್ಕುಗಟ್ಟಿವೆ, ಮಡಚಿದರೆ ಪಟ್ ಅಂತ ಮುರಿಯುತ್ತವೆ. ಕೆಲವು ತೆನೆ ಸೊಟ್ಟ. ಎಲ್ಲರೂ ಯೂರಿಯಾ ಕೊಡು ಅನ್ನುತ್ತಾರೆ. ಕೊಡಲಾ?

ಉತ್ತರ
ತಡೆಯಿರಿ, ಕೊಡಬೇಡಿ. ಇವು ಎರಡು ಬೇರೆ ಬೇರೆ ವಿಷಯ.

ಹೂ ಬಿಟ್ಟ ಮೇಲೆ ಗಿಡ ಹಳೆ ಎಲೆಯಲ್ಲಿದ್ದ ಸಾರಜನಕವನ್ನು (ಯೂರಿಯಾ ಕೊಡುವುದೂ ಇದನ್ನೇ) ಬಿಚ್ಚಿಕೊಂಡು ಕಾಳಿಗೆ ಸಾಗಿಸುತ್ತದೆ, ಹಾಗಾಗಿ ಈ ಹೊತ್ತಿನಲ್ಲಿ ಬುಡದ ನಾಲ್ಕಾರು ಎಲೆ ಹಳದಿ ಆಗುವುದು ಸಹಜ. ಒಣ ನೆಲಕ್ಕೆ ಈಗ ಯೂರಿಯಾ ಎರಚಿದರೆ ಸುಮ್ನೆ ದಂಡ.

ನನಗೆ ಚಿಂತೆ ಇರುವುದು ತುದಿಯ ಬಗ್ಗೆ. ನೀವು ಹೇಳಿದ್ದು ಬೋರಾನ್ ಕೊರತೆಯ ಲಕ್ಷಣ. ಬೋರಾನ್ ಅಂದರೆ ಗಿಡಕ್ಕೆ ತುಸುವೇ ಬೇಕಾಗುವ ಒಂದು ಪೋಷಕಾಂಶ. ಸೂರ್ಯಕಾಂತಿಯಲ್ಲಿ ಬೋರಾನ್ ಬೇರಿನಿಂದ ನೀರಿನ ಜೊತೆ ಮೇಲೇರುತ್ತದೆ, ಆದರೆ ಒಮ್ಮೆ ಎಲೆ ಸೇರಿದ್ದು ಅಲ್ಲಿಂದ ಕದಲುವುದಿಲ್ಲ. ಹಳೆ ಎಲೆಯಲ್ಲಿ ಎಷ್ಟೇ ಇದ್ದರೂ ತೆನೆಗೆ ಸಿಗಲ್ಲ. ಹೊಸ ಬೆಳವಣಿಗೆಗೆ ಬೇರು ದಿನಾ ಹೊಸದಾಗಿ ಕಳಿಸುತ್ತಲೇ ಇರಬೇಕು. ಮೇಲ್ಮಣ್ಣು ಒಣಗಿತೋ, ಅದು ನಿಂತಿತು. ಎರೆಯಲ್ಲಿ ಸುಣ್ಣ ಜಾಸ್ತಿ ಇದ್ದರೆ ಇನ್ನೂ ಕಷ್ಟ. ಸಾಧ್ಯವಾದರೆ ಮೊದಲು ಒಂದು ನೀರು ಕೊಡಿ.

ಹೂವಿನ ಹೊರಗಿನ ಹಳದಿ ದಳ ಆಗಷ್ಟೇ ಬಿಚ್ಚುತ್ತಿದೆಯಾ? ಹಾಗಿದ್ದರೆ ಲೀಟರ್ ನೀರಿಗೆ 2 ಗ್ರಾಂ ಬೋರಾಕ್ಸ್ (ಬೋರಾನ್ ಇರುವ ಪುಡಿ), ಅಂದರೆ 16 ಲೀಟರ್ ಕ್ಯಾನಿಗೆ 32 ಗ್ರಾಂ. ಬಿಸಿನೀರಲ್ಲಿ ಕರಗಿಸಿ ಸೇರಿಸಿ, ತೆನೆ ನೆನೆಯುವಂತೆ ಹೊಡೆಯಿರಿ. ಸಂಜೆಯೇ ಹೊಡೆಯಿರಿ, ಬೆಳಿಗ್ಗೆ ಜೇನು ಬರುತ್ತವೆ. ಜಾಸ್ತಿ ಹಾಕಿದರೆ ಒಳ್ಳೆಯದು ಅಂತ ಮಾತ್ರ ಅಂದುಕೊಳ್ಳಬೇಡಿ, ಬೋರಾನ್ ಸ್ವಲ್ಪ ಮಿತಿ ಮೀರಿದರೂ ಎಲೆ ಅಂಚು ಸುಡುತ್ತದೆ.

ಪ್ರಶ್ನೆ ಕೇಳಿದವರು
ಅರ್ಧ ಹೊಲ ದಳ ಬಿಚ್ಚುವ ಹಂತದಲ್ಲಿದೆ, ಇವತ್ತೇ ಹೊಡೆಯುತ್ತೇನೆ. ಉಳಿದರ್ಧ ಪೂರ್ತಿ ಅರಳಿದೆ. ಅಲ್ಲಿ ಕೆಲವು ತೆನೆ ದುಂಡಗೆ ಚೆನ್ನಾಗಿವೆ, ಎಲೆಯೂ ಸರಿ ಇದೆ, ಆದರೂ ನಡುವೆ ಜೊಳ್ಳು.

ಉತ್ತರ
ಅದು ಪರಾಗ ಸರಿಯಾಗಿ ಸೇರದ್ದೂ ಇರಬಹುದು. ಹೊಲದಲ್ಲಿ ಜೇನು ಕಾಣುತ್ತಿವೆಯಾ? ಇಲ್ಲದಿದ್ದರೆ ಬೆಳಿಗ್ಗೆ 8ರಿಂದ 11ರೊಳಗೆ ಮೆತ್ತನೆ ಬಟ್ಟೆ ಸುತ್ತಿದ ಕೈಯಿಂದ ತೆನೆ ಮೇಲೆ ಹಗುರವಾಗಿ ಸವರಿ, ದಿನ ಬಿಟ್ಟು ದಿನ. ಹೂ ಅಂಚಿನಿಂದ ಒಳಕ್ಕೆ ಅರಳುತ್ತಾ ಹೋಗುತ್ತದೆ, ಹಾಗಾಗಿ ನಡುವಿನದು ಇನ್ನೂ ಅರಳುತ್ತಿದ್ದರೆ ಅದನ್ನು ಉಳಿಸಿಕೊಳ್ಳಬಹುದು.

ಇನ್ನೊಂದು, ಕಟಾವಾದ ಮೇಲೆ ದಂಟು ಸುಡಬೇಡಿ. ಗಿಡ ಎಳೆದುಕೊಂಡ ಪೊಟ್ಯಾಷ್ ಬಹುಪಾಲು ಕಾಳಿಗೆ ಹೋಗದೆ ಗಿಡದಲ್ಲೇ ಉಳಿಯುತ್ತದೆ. ಕತ್ತರಿಸಿ ಹೊಲಕ್ಕೇ ಸೇರಿಸಿ.